ಹೊಸ ಕಾಲದ ಲ್ಯಾಂಬೊರ್ಗಿನಿಯೋ, 1951ರ ಷೆವರ್ಲೆ ಪಿಕಪ್ಪೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯ ಕಡೆಯವನು. ಹದಿನೆಂಟು ವರ್ಷದಿಂದ ಅಮೆರಿಕದಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ಸಾಫ್ಟ್‌ವೇರ್ ಕೆಲಸ. ಚಿಕ್ಕವನಿದ್ದಾಗ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೆ ಕಾರುಗಳನ್ನು ನೋಡಿದ್ದೆ. ಆಗಿನಿಂದ ನನ್ನದೂ ಅಂತ ಒಂದು ವಿಶೇಷ ಗಾಡಿ ಇರಬೇಕು ಎಂಬ ಆಸೆ. ಎರಡು ಲಕ್ಷ ಡಾಲರ್ ಕೂಡಿಟ್ಟಿದ್ದೇನೆ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು 2016ರ ಲ್ಯಾಂಬೊರ್ಗಿನಿ ಹುರಕಾನ್ ಎಲ್‌ಪಿ 610-4, ಹನ್ನೊಂದು ಸಾವಿರ ಮೈಲಿ ಓಡಿದೆ, 1,95,000 ಡಾಲರ್ ಕೇಳುತ್ತಿದ್ದಾರೆ. ಇನ್ನೊಂದು 1951ರ ಷೆವರ್ಲೆ 3100 ಪಿಕಪ್, ಐದು ಕಿಟಕಿಯ ಕ್ಯಾಬಿನ್ನು, ಪೂರ್ತಿ ರಿಸ್ಟೋರ್ ಆಗಿದೆ ಅಂತಾರೆ, 42,000 ಡಾಲರ್. ವಿ10 ಎಂಜಿನ್ ಇನ್ನು ಬರಲ್ಲ, ಹುರಕಾನ್ ಬೆಲೆ ಏರುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಮನೆಯವಳಿಗೆ ಪಿಕಪ್ ಇಷ್ಟ. ಗ್ಯಾರೇಜಿನಲ್ಲಿ ಒಂದೇ ಗಾಡಿಗೆ ಜಾಗ. ಹದಿನೈದು ವರ್ಷವಾದರೂ ಇಟ್ಟುಕೊಳ್ಳುವ ಯೋಚನೆ. ಹನ್ನೊಂದು ವರ್ಷದ ಮಗನಿದ್ದಾನೆ. ರಿಟೈರ್ ಆದ ಮೇಲೆ ಮೈಸೂರಿಗೆ ಬರುವ ಆಸೆಯೂ ಇದೆ. ಯಾವುದು ತಗೊಳ್ಳಲಿ?

ಉತ್ತರ: ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಪಿಕಪ್ ತಗೊಳ್ಳಿ. ಆದರೆ ನೀವು ಹೇಳಿದ ಆ ಪಿಕಪ್ಪೇ ಆಗಬೇಕು ಅಂತಿಲ್ಲ. ಅದನ್ನು ನೋಡದೆ ಒಂದು ಡಾಲರ್ ಅಡ್ವಾನ್ಸ್ ಕೂಡ ಕೊಡಬೇಡಿ. ಏಕೆ ಎಂದು ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಒಂದು ಕಡೆ ಒಂದು ಕಾರು ಇದೆ. ಇನ್ನೊಂದು ಕಡೆ ಒಂದು ಪಿಕಪ್ ಇದೆ, ಜೊತೆಗೆ ಕೈಯಲ್ಲಿ ಉಳಿಯುವ 1,53,000 ಡಾಲರ್ ಇದೆ. ಹದಿನೈದು ವರ್ಷ ಆ ದುಡ್ಡು ಬ್ಯಾಂಕಿನಲ್ಲೋ ಷೇರಿನಲ್ಲೋ ತನ್ನ ಪಾಡಿಗೆ ಬೆಳೆಯುತ್ತದೆ. ಹುರಕಾನ್ ಲಾಭ ಮಾಡಿತು ಅನ್ನಬೇಕಾದರೆ ಅದು ಪಿಕಪ್‌ನ ಏರಿಕೆಯನ್ನೂ ಆ ಬಡ್ಡಿಯನ್ನೂ ಸೇರಿಸಿ ದಾಟಬೇಕು. ಅದರ ಮೇಲೆ ವಿಮೆ, ವರ್ಷದ ಸರ್ವೀಸು, ಟೈರು ಬೇರೆ. ಸ್ನೇಹಿತರ ಮಾತಿನಲ್ಲಿ ಈ ಕೂಡುವ ಕಳೆಯುವ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಂತ ಹುರಕಾನ್ ಕೆಟ್ಟ ಕಾರಲ್ಲ. ಅದು ನಿಜಕ್ಕೂ ಅದ್ಭುತ. ನಡುವಿನ ಕೆಂಪು ಮುಚ್ಚಳ ಮೇಲೆತ್ತಿ, ಕೆಳಗಿನ ಗುಂಡಿ ಒತ್ತಿದರೆ ಸಾಕು. ಬೆನ್ನ ಹಿಂದೆ 5.2 ಲೀಟರಿನ ಹತ್ತು ಸಿಲಿಂಡರು ಒಟ್ಟಿಗೆ ಎದ್ದು ಕೂರುತ್ತವೆ. ಟರ್ಬೊ ಇಲ್ಲ. 8,250 ಆರ್‌ಪಿಎಂ ತಲುಪಿದಾಗ 610 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 3.2 ಸೆಕೆಂಡು. ಮೊದಲ ಸಲ ಕೂತವರು ಇಳಿದ ಮೇಲೂ ಸ್ವಲ್ಪ ಹೊತ್ತು ಮಾತಾಡುವುದಿಲ್ಲ, ನಾನೇ ನೋಡಿದ್ದೇನೆ. 2024ಕ್ಕೆ ಹುರಕಾನ್ ನಿಂತಿತು. ಅದರ ಜಾಗಕ್ಕೆ ಬಂದ ಟೆಮೆರಾರಿಯೊದಲ್ಲಿ ಟರ್ಬೊ ಇರುವ ವಿ8, ಜೊತೆಗೆ ಹೈಬ್ರಿಡ್ ಮೋಟಾರು. ಹಾಗಾಗಿ ನಿಮ್ಮ ಸ್ನೇಹಿತರು ವಿ10 ಮುಗಿಯಿತು ಅಂದದ್ದು ನಿಜ.

ಆದರೆ ತಯಾರಿ ನಿಂತ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಎಷ್ಟು ಮಾಡಿದ್ದಾರೆ ಎಂದು ಮೊದಲು ಕೇಳಬೇಕು. ಹುರಕಾನ್ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ತಯಾರಾಗಿವೆ. ಅದರ ಹಿಂದಿನ ಗ್ಯಾಲಾರ್ಡೊ 14,022. ಈಗ ಬೆಲೆ ಏರಿದ ಹೊಸ ಕಾಲದ ಕಾರುಗಳನ್ನು ನೋಡಿ. ಪೋರ್ಷೆ ಕರೆರಾ ಜಿಟಿ ಮಾಡಿದ್ದು 1,270. ಹೊಸತಿದ್ದಾಗ ಅಮೆರಿಕದಲ್ಲಿ 4,40,000 ಡಾಲರ್. ಈಗ ಹರಾಜಿಗೆ ಬಂದರೆ ಹತ್ತು ಲಕ್ಷ ಡಾಲರ್ ದಾಟುತ್ತದೆ. 2005-06ರ ಫೋರ್ಡ್ ಜಿಟಿ 4,038 ಮಾತ್ರ. ಅದು ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಮಾರಾಟವಾಗಿದ್ದು, ಇವತ್ತು ಅದರ ಎರಡು ಪಟ್ಟು ಕೊಟ್ಟರೂ ಒಳ್ಳೆಯದು ಸಿಗುವುದು ಕಷ್ಟ. ಲೆಕ್ಸಸ್ ಎಲ್‌ಎಫ್‌ಎ ಬರೀ 500. 3,75,000 ಡಾಲರಿನ ಆ ಕಾರನ್ನು ಆಗ ಕೊಳ್ಳುವವರೇ ಇರಲಿಲ್ಲ. ತಯಾರಿ ನಿಂತು ವರ್ಷಗಳಾದ ಮೇಲೂ ಕೆಲವು ಷೋರೂಮಿನಲ್ಲೇ ಉಳಿದಿದ್ದವು. ಈಗ ಅದೇ ಕಾರಿಗೆ ಜನ ಮುಗಿಬೀಳುತ್ತಾರೆ.

ಈ ಮೂರರಲ್ಲಿ ಇನ್ನೊಂದು ವಿಷಯ ಇದೆ. ಕರೆರಾ ಜಿಟಿ, ಫೋರ್ಡ್ ಜಿಟಿ ಎರಡಕ್ಕೂ ಕಾಲಲ್ಲಿ ಕ್ಲಚ್, ಕೈಯಲ್ಲಿ ಗೇರು. ಹುರಕಾನ್‌ಗೆ ಮ್ಯಾನ್ಯುಯಲ್ ಗೇರು ಯಾವತ್ತೂ ಬರಲೇ ಇಲ್ಲ. ಎಲ್ಲವೂ ಏಳು ಗೇರಿನ ಡ್ಯುಯಲ್ ಕ್ಲಚ್, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರು ಬದಲಿಸುವಂಥದ್ದು. ಗ್ಯಾಲಾರ್ಡೊದಲ್ಲಿ ಮ್ಯಾನ್ಯುಯಲ್ ಇತ್ತು. ಅದಕ್ಕೇ ಇವತ್ತು ಮ್ಯಾನ್ಯುಯಲ್ ಗ್ಯಾಲಾರ್ಡೊಗಳಿಗೆ ಉಳಿದವಕ್ಕಿಂತ ಎಷ್ಟೋ ಜಾಸ್ತಿ ಬೆಲೆ. ಹುರಕಾನ್ ಸಾಲಿನಲ್ಲೂ ಎಸ್‌ಟಿಒ, ಸ್ಟೆರಾಟೊ ಥರದ ವಿಶೇಷ ಮಾದರಿಗಳು ಮುಂದೆ ಬೆಲೆ ಹಿಡಿಯಬಹುದು. ನೀವು ನೋಡಿದ ಎಲ್‌ಪಿ 610-4 ಮೊದಲ ಮಾದರಿ, ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವಂಥದ್ದು. ಹೊಸತಿದ್ದಾಗ ಅದರ ಆರಂಭದ ಬೆಲೆ 2,37,250 ಡಾಲರ್. ಈಗ ನಿಮಗೆ 1,95,000ಕ್ಕೆ ಕೊಡಲು ಬಂದಿದ್ದಾರೆ. ಎಷ್ಟು ಇಳಿದಿದೆ ಎಂದು ನಿಮಗೇ ಕಾಣುತ್ತದೆ ಅಲ್ವಾ.

ಸೂಪರ್‌ಕಾರ್ ಕೊಂಡವರಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಒಂದು ಸಂಕಟವಿದೆ. ಓಡಿಸಿದಷ್ಟೂ ಬೆಲೆ ಬೀಳುತ್ತದೆ. ಹಾಗಾಗಿ ಮೊದಲ ವರ್ಷ ಪ್ರತಿ ಭಾನುವಾರ ತೆಗೆಯುತ್ತಾರೆ. ಎರಡನೇ ವರ್ಷ ತಿಂಗಳಿಗೊಮ್ಮೆ. ಆಮೇಲೆ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿರುತ್ತದೆ. ಹೀಗೆ ಹನ್ನೊಂದು ತಿಂಗಳು ನಿಂತಿದ್ದ ಒಂದು ಕಾರನ್ನು ನೋಡಲು ಹೋಗಿದ್ದೆ. ಯಾವ ಕಂಪನಿಯದು ಎಂದು ಹೇಳುವುದು ಬೇಡ. ಬ್ಯಾಟರಿ ಚಾರ್ಜರಿನ ವೈರು ಯಾರೋ ಕಿತ್ತು ಮತ್ತೆ ಹಾಕಿರಲಿಲ್ಲ. ಬ್ಯಾಟರಿ ಪೂರ್ತಿ ಸತ್ತಿತ್ತು. ಹೊಸ ಬ್ಯಾಟರಿ ಹಾಕಿದೆವು. ಎಂಜಿನ್ ಎದ್ದಿತು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪಗಳು ಸಾಲುಸಾಲಾಗಿ ಹತ್ತಿಕೊಂಡವು. ನನ್ನ ಬಳಿ ಇದ್ದ ಸ್ಕ್ಯಾನರು ಅರ್ಧದಷ್ಟನ್ನು ಓದಿತು, ಉಳಿದ ಅರ್ಧದ ಬಾಗಿಲು ತೆರೆಯಲಿಲ್ಲ. ಕೊನೆಗೆ ಕಾರನ್ನು ಲಾರಿ ಮೇಲೆ ಹಾಕಿ 300 ಮೈಲಿ ದೂರದ ಡೀಲರ್ ಬಳಿ ಕಳಿಸಬೇಕಾಯಿತು. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಕೈ ನನ್ನದು. ಅವತ್ತು ಆ ಕಾರಿನ ಮುಂದೆ ಸುಮ್ನೆ ನಿಂತುಕೊಂಡಿದ್ದೆ. ಬೇಸರವಾಯಿತು.

ಇದು ಸಣ್ಣ ವಿಷಯ ಅನ್ನಿಸಬಹುದು. ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ ಇದೇ ದೊಡ್ಡ ವಿಷಯ. ಮೆಕ್‌ಲಾರನ್ ಎಫ್1 ಕೇಳಿರುತ್ತೀರಿ. 1990ರ ದಶಕದಲ್ಲಿ ಒಟ್ಟು 106 ಮಾತ್ರ ಮಾಡಿದ್ದು. 2021ರಲ್ಲಿ ಪೆಬಲ್ ಬೀಚ್ ಹರಾಜಿನಲ್ಲಿ ಒಂದು ಕಾರು ಎರಡು ಕೋಟಿ ಡಾಲರಿಗೂ ಜಾಸ್ತಿಗೆ ಹೋಯಿತು. ಅಂಥ ಕಾರಿನ ಸರ್ವೀಸಿಗೆ ಬೇಕಾಗಿದ್ದು ಕಾಂಪ್ಯಾಕ್ ಕಂಪನಿಯ ಒಂದು ಹಳೆ ಲ್ಯಾಪ್‌ಟಾಪು. ಎಲ್‌ಟಿಇ 5280 ಅಂತ ಅದರ ಹೆಸರು. ಕಾರಿನ ಎಲೆಕ್ಟ್ರಾನಿಕ್ಸ್ ಜೊತೆ ಮಾತಾಡುವ ವಿಶೇಷ ಕಾರ್ಡು ಆ ಲ್ಯಾಪ್‌ಟಾಪಿಗೇ ಹೊಂದುವಂತಿತ್ತು. 2016ರಲ್ಲಿ ಈ ಸುದ್ದಿ ಹೊರಬಂದಾಗ ಕಂಪನಿಯವರು ಇಪ್ಪತ್ತು ವರ್ಷ ಹಳೆಯ ಆ ಲ್ಯಾಪ್‌ಟಾಪುಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು. 106 ಕಾರು, ಒಂದೊಂದೂ ಕೋಟಿಗಟ್ಟಲೆ ಬೆಲೆಯದು, ಹಾಗಾಗಿ ಕಂಪನಿ ಅಷ್ಟು ಕಾಳಜಿ ಮಾಡಿತು. ನಿಮ್ಮ ಮಗನಿಗೆ ಇಪ್ಪತ್ತಾರು ವರ್ಷವಾಗುವ ಹೊತ್ತಿಗೆ 2016ರ ಹುರಕಾನ್‌ನ ಸ್ಕ್ರೀನು, ಗೇರ್‌ಬಾಕ್ಸಿನ ಕಂಟ್ರೋಲರು, ಸಸ್ಪೆನ್ಷನ್ನಿನ ಸೆನ್ಸರು ಇವುಗಳನ್ನು ಯಾರು ಮಾಡಿಕೊಡುತ್ತಾರೆ ಎಂದು ಯೋಚಿಸಿ. ಹುರಕಾನ್‌ಗೆ ಒಂದು ಅನುಕೂಲವಿದೆ, ಅದನ್ನು ಮುಚ್ಚಿಡಬಾರದು. ಅದರ ಎಂಜಿನ್ನೂ ಅಡಿಪಾಯವೂ ಆಡಿ ಆರ್8 ಜೊತೆ ಹಂಚಿಕೊಂಡದ್ದು. ಹಾಗಾಗಿ ಬಿಡಿಭಾಗಗಳು ಬೇರೆ ಸೂಪರ್‌ಕಾರಿಗಿಂತ ಸುಲಭ. ಆದರೂ ಕಾರ್ಬನ್ ಸೆರಾಮಿಕ್ ಬ್ರೇಕು ನಾಲ್ಕೂ ಚಕ್ರಕ್ಕೆ ಹೊಸದು ಹಾಕಿಸುವ ಪ್ರಸಂಗ ಬಂದರೆ ಹತ್ತಾರು ಸಾವಿರ ಡಾಲರ್ ಎದ್ದು ಹೋಗುತ್ತದೆ.

ಈಗ ಪಿಕಪ್‌ಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕೊಳ್ಳುವುದು ಇದನ್ನೇ ಆದ್ದರಿಂದ.

ನೀವು ನೋಡಿದ 3100 ಷೆವರ್ಲೆಯ ಅಡ್ವಾನ್ಸ್ ಡಿಸೈನ್ ಸಾಲಿನದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರ ಬೇಸಿಗೆಯಲ್ಲಿ ಬಂತು. 1955ರ ಆರಂಭದವರೆಗೆ ನಡೆಯಿತು. 3100 ಎಂದರೆ ಅರ್ಧ ಟನ್ನಿನ ಗಾಡಿ. ಅಮೆರಿಕದ ರೈತ, ಬಡಗಿ, ಹಾಲಿನವನು, ಪೆಟ್ರೋಲ್ ಬಂಕಿನವನು, ಎಲ್ಲರೂ ಇಟ್ಟುಕೊಂಡಿದ್ದ ಗಾಡಿ ಇದು. ಲಕ್ಷಗಟ್ಟಲೆ ಮಾಡಿದ್ದಾರೆ. ಹಾಗಾದರೆ ಇಪ್ಪತ್ತು ಸಾವಿರ ಹುರಕಾನ್ ಜಾಸ್ತಿ ಅಂದ ನಾನು ಲಕ್ಷಗಟ್ಟಲೆ ಇರುವ ಪಿಕಪ್ ಹೇಗೆ ತಗೊಳ್ಳಿ ಅನ್ನುತ್ತೇನೆ? ಹುರಕಾನ್‌ಗಳು ಹೆಚ್ಚುಕಮ್ಮಿ ಎಲ್ಲವೂ ಗ್ಯಾರೇಜಿನಲ್ಲಿ ಜೋಪಾನವಾಗಿ ಉಳಿದಿವೆ. ಪಿಕಪ್‌ಗಳು ದುಡಿದು ಸತ್ತವು. ಗೊಬ್ಬರ ಹೊತ್ತವು, ಹೊಲದ ಮೂಲೆಯಲ್ಲಿ ತುಕ್ಕು ಹಿಡಿದವು, ಗುಜರಿಗೆ ಹೋದವು. ಆದರೆ ಅಷ್ಟು ಮಾಡಿದ್ದರಿಂದಲೇ ಇವತ್ತಿಗೂ ಬಿಡಿಭಾಗಗಳ ವ್ಯಾಪಾರ ನಡೆಯುತ್ತಿದೆ. ಕ್ಯಾನ್ಸಸ್‌ನ ಎಲ್‌ಎಂಸಿ ಟ್ರಕ್ ಥರದ ಅಂಗಡಿಗಳ ಕ್ಯಾಟಲಾಗು ತೆರೆದರೆ ಬಾಗಿಲಿನ ರಬ್ಬರಿನಿಂದ ಹಿಡಿದು ಮಡ್‌ಗಾರ್ಡಿನವರೆಗೆ ಹೊಸದಾಗಿ ಅಚ್ಚು ಹಾಕಿದ ಸಾಮಾನು ಸಿಗುತ್ತದೆ. ಎಪ್ಪತ್ತು ವರ್ಷ ದಾಟಿದ ಗಾಡಿಗೆ ಒಂದು ವಾರದಲ್ಲಿ ಬಾಗಿಲಿನ ಹಿಂಜು ಮನೆಗೆ ಬರುತ್ತದೆ.

ಐದು ಕಿಟಕಿ ಅಂದದ್ದು ಒಳ್ಳೆಯದು. ಸಾಮಾನ್ಯ ಕ್ಯಾಬಿನ್ನಿಗೆ ಹಿಂದೆ ಒಂದೇ ಗಾಜು. ಡಿಲಕ್ಸ್ ಕ್ಯಾಬಿನ್ನಿಗೆ ಹಿಂದಿನ ಎರಡು ಮೂಲೆಯಲ್ಲೂ ಬಾಗಿದ ಗಾಜು ಇರುತ್ತದೆ. ಸಂಗ್ರಹ ಮಾಡುವವರು ಇದನ್ನೇ ಹುಡುಕುತ್ತಾರೆ, ಬೆಲೆಯೂ ಜಾಸ್ತಿ. ಇಸವಿಯನ್ನು ಬಾಗಿಲು ನೋಡಿಯೇ ಅಂದಾಜು ಮಾಡಬಹುದು. 1951ರಲ್ಲಿ ಬಾಗಿಲಿಗೆ ಚಿಕ್ಕ ತ್ರಿಕೋನದ ಗಾಳಿ ಗಾಜು ಬಂತು, ಅದಕ್ಕಿಂತ ಮುಂಚೆ ಇರಲಿಲ್ಲ. 1952ಕ್ಕೆ ಬಾಗಿಲಿನ ಹಿಡಿ ಬದಲಾಯಿತು, ತಿರುಗಿಸುವ ಹಿಡಿಯ ಬದಲು ಒತ್ತುವ ಗುಂಡಿ. ಅಂದರೆ ನಿಜವಾದ 1951ರ ಬಾಗಿಲಿಗೆ ಗಾಳಿ ಗಾಜೂ ಇರಬೇಕು, ತಿರುಗಿಸುವ ಹಿಡಿಯೂ ಇರಬೇಕು. ಎರಡರಲ್ಲಿ ಒಂದು ತಪ್ಪಿದರೆ ಬಾಗಿಲು ಬೇರೆ ಗಾಡಿಯದು, ಇಲ್ಲವೇ ಇಸವಿ ಬೇರೆ. ಚಾಲಕನ ಕಡೆಯ ಬಾಗಿಲಿನ ಕಂಬದ ಮೇಲೆ ಒಂದು ಸಣ್ಣ ತಗಡಿನ ಫಲಕ ಇರುತ್ತದೆ. ಅದರ ಸೀರಿಯಲ್ ನಂಬರಿನಲ್ಲಿ ಜೆಪಿ ಎಂಬ ಅಕ್ಷರಗಳಿದ್ದರೆ 1951ರ 3100. ಎಚ್‌ಪಿ ಇದ್ದರೆ 1950. ಆ ನಂಬರು ಟೈಟಲ್ ಕಾಗದದ, ಅಂದರೆ ಮಾಲೀಕತ್ವದ ಪತ್ರದ, ನಂಬರಿಗೆ ಒಂದು ಅಕ್ಷರವೂ ಬಿಡದೆ ಹೊಂದಬೇಕು. ಆ ಕಾಲದಲ್ಲಿ ಕೆಲವು ರಾಜ್ಯಗಳಲ್ಲಿ ಎಂಜಿನ್ ನಂಬರನ್ನೇ ಟೈಟಲ್‌ಗೆ ಬರೆಯುತ್ತಿದ್ದರು. ಆಮೇಲೆ ಎಂಜಿನ್ ಬದಲಾದರೆ ಕಾಗದಕ್ಕೂ ಗಾಡಿಗೂ ಸಂಬಂಧವೇ ಇರುವುದಿಲ್ಲ. ಅಂಥದ್ದನ್ನು ಕೊಂಡರೆ ಕಚೇರಿ ಅಲೆಯುವುದೇ ಕೆಲಸವಾಗುತ್ತದೆ. ನಂಬರು ಹೊಂದದಿದ್ದರೆ ಗಾಡಿ ಎಷ್ಟೇ ಚೆಂದವಿದ್ದರೂ ಬಿಟ್ಟು ಬನ್ನಿ.

ಇನ್ನು ತುಕ್ಕು. ಇಪ್ಪತ್ತು ವರ್ಷದ ಹಿಂದೆ ಒಬ್ಬರ ಕಡೆಯಿಂದ ಇದೇ ಸಾಲಿನ ಒಂದು ಪಿಕಪ್ ಕೊಂಡೆ. ಕಡು ಹಸಿರು ಬಣ್ಣ, ಮುಖ ಕಾಣುವಷ್ಟು ಹೊಳಪು. ಪೂರ್ತಿ ರಿಸ್ಟೋರ್ ಆಗಿದೆ ಅಂದಿದ್ದರು. ಎರಡನೇ ಮಳೆಗಾಲಕ್ಕೆ ಕ್ಯಾಬಿನ್ನಿನ ಹಿಂದಿನ ಕೆಳಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಒತ್ತಿದರೆ ಒಳಗೆ ಹೋಯಿತು. ಕೆರೆದು ನೋಡಿದರೆ ಅರ್ಧ ಇಂಚು ದಪ್ಪ ಪುಟ್ಟಿ. ಅದರ ಹಿಂದೆ ತಗಡೇ ಇಲ್ಲ, ಮುದುರಿಟ್ಟ ಹಳೆ ಪೇಪರ್ ಇತ್ತು. ಆ ಮೂಲೆಯಿಂದ ಶುರುವಾದ ಟಿಂಕರಿಂಗ್ ಕೆಲಸ ಮುಗಿಯುವ ಹೊತ್ತಿಗೆ ಕ್ಯಾಬಿನ್ನಿನ ಕೆಳಭಾಗ ಪೂರ್ತಿ ಹೊಸದಾಗಿತ್ತು. ಗಾಡಿಗೆ ಕೊಟ್ಟಷ್ಟೇ ದುಡ್ಡು ಅದಕ್ಕೂ ಹೋಯಿತು. ಅವತ್ತಿನಿಂದ ನಾನು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳದೆ ಗಾಡಿ ನೋಡಲು ಹೋಗಿಲ್ಲ. ತೆಳು ಬಟ್ಟೆ ಸುತ್ತಿ ಮೆಲ್ಲಗೆ ಬಾಡಿ ಮೇಲೆ ಆಡಿಸಿದರೆ ಸಾಕು. ತಗಡು ಇದ್ದ ಕಡೆ ಗಟ್ಟಿಯಾಗಿ ಎಳೆಯುತ್ತದೆ. ಪುಟ್ಟಿ ಇದ್ದ ಕಡೆ ಜಾರಿ ಬೀಳುತ್ತದೆ. ಕ್ಯಾಬಿನ್ನಿನ ಹಿಂದಿನ ಎರಡು ಕೆಳಮೂಲೆ, ಕಾಲಿಡುವ ನೆಲ, ಬಾಗಿಲಿನ ಕೆಳ ಅಂಚು, ಮುಂದಿನ ಮಡ್‌ಗಾರ್ಡಿನ ಹಿಂಭಾಗ, ಕ್ಯಾಬಿನ್ ಚಾಸಿ ಮೇಲೆ ಕೂರುವ ಮುಂದಿನ ಎರಡು ಜಾಗ, ಇಷ್ಟನ್ನು ತಪ್ಪಿಸಬೇಡಿ. ಹಿಂದಿನ ಬಾಡಿಯ ನೆಲ ಮರದ ಹಲಗೆಯದು, ನಡುನಡುವೆ ಕಬ್ಬಿಣದ ಪಟ್ಟಿ. ಮರ ಹೊಸದಾಗಿದ್ದರೆ ಚಿಂತೆ ಇಲ್ಲ, ಅದು ಸುಲಭದ ಕೆಲಸ. ಜನ ಹೊಳೆಯುವ ಹಲಗೆ ನೋಡಿ ಮರುಳಾಗುತ್ತಾರೆ. ನೀವು ಹಲಗೆಯ ಕೆಳಗೆ ಮಲಗಿ ಚಾಸಿ ನೋಡಿ.

ಎಂಜಿನ್ ವಿಷಯದಲ್ಲಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. 1951ರ 3100ಗೆ ಬಂದದ್ದು 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರು. ನಮ್ಮ ಲೆಕ್ಕದಲ್ಲಿ ಮೂರೂವರೆ ಲೀಟರು. ಶಕ್ತಿ ಸುಮಾರು 90 ಅಶ್ವಶಕ್ತಿ. ಇದರ ಕನೆಕ್ಟಿಂಗ್ ರಾಡಿನ ಬೇರಿಂಗು ಈಗಿನ ಥರ ಕಳಚಿ ಹಾಕುವ ಶೆಲ್ ಅಲ್ಲ. ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ಅಚ್ಚಿನಲ್ಲಿ ಎರೆದು, ಆಮೇಲೆ ಕೆತ್ತಿ ಅಳತೆಗೆ ತಂದದ್ದು. ರಾಡಿನ ತುದಿಯ ಸಣ್ಣ ಚಮಚ ಎಣ್ಣೆಯಲ್ಲಿ ಮುಳುಗಿ ಏಳುತ್ತಾ ಆ ಬೇರಿಂಗಿಗೆ ಎಣ್ಣೆ ಉಣಿಸುತ್ತದೆ. ಬಾಯಲ್ಲಿ ಹೇಳಲು ಹಳೆಕಾಲದ್ದು ಅನ್ನಿಸುತ್ತದೆ, ಆದರೆ ನಿಧಾನವಾಗಿ ಓಡಿಸಿದರೆ ಚೆನ್ನಾಗಿ ಬಾಳುತ್ತದೆ. ಗಂಟೆಗೆ 45-50 ಮೈಲಿ ಅದರ ಸುಖದ ವೇಗ. ಹೈವೇಯಲ್ಲಿ 70ರಲ್ಲಿ ಎಳೆದರೆ ಬೇರಿಂಗು ಹೋಗುತ್ತದೆ. ಬ್ಯಾಬಿಟ್ ಎರೆಯಬಲ್ಲ ಕೈಗಳು ಈಗ ಕಡಿಮೆ. ಅದಕ್ಕೇ ಎಷ್ಟೋ ಜನ 216 ತೆಗೆದು, 1954ರ ನಂತರದ 235 ಕ್ಯೂಬಿಕ್ ಇಂಚಿನ ಷೆವರ್ಲೆ ಎಂಜಿನ್ ಕೂರಿಸುತ್ತಾರೆ. ಅದಕ್ಕೆ ಒತ್ತಡದ ಎಣ್ಣೆ ವ್ಯವಸ್ಥೆ, ಕಳಚಿ ಹಾಕುವ ಬೇರಿಂಗು. ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ ಇವೆ. ನಿಮ್ಮ ಪಿಕಪ್‌ನಲ್ಲಿ 235 ಇದ್ದರೆ ಬೇಡ ಅನ್ನಬೇಡಿ. ಆದರೆ ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು, ಬೆಲೆಯೂ ಅದಕ್ಕೆ ತಕ್ಕ ಹಾಗೆ ಇರಬೇಕು. ಮೂಲ ಎಂಜಿನ್ ಇದೆ ಅಂದು 235 ತೋರಿಸಿದರೆ ಉಳಿದ ಮಾತುಗಳನ್ನೂ ನಂಬಬೇಡಿ.

ಹೊಸ ಕಾಲದ ದೊಡ್ಡ ವಿ8, ಆಟೊಮ್ಯಾಟಿಕ್ ಗೇರು, ಎಸಿ ಹಾಕಿದ ಹಳೆ ಪಿಕಪ್‌ಗಳೂ ಬೇಕಾದಷ್ಟಿವೆ. ಕೆಲವರು ಹಳೆ ಕ್ಯಾಬಿನ್ನನ್ನು ಷೆವರ್ಲೆ ಎಸ್-10 ಎಂಬ ಈಚಿನ ಸಣ್ಣ ಪಿಕಪ್ಪಿನ ಚಾಸಿ ಮೇಲೆ ಕೂರಿಸಿಬಿಡುತ್ತಾರೆ. ಓಡಿಸಲು ಸುಖ. ಕೆಲವಕ್ಕೆ ಲಕ್ಷ ಡಾಲರ್ ದಾಟಿದ ಬೆಲೆಯೂ ಬರುತ್ತದೆ. ಆದರೆ ಮಾಡಿಸಲು ಅದಕ್ಕಿಂತ ಜಾಸ್ತಿ ಖರ್ಚಾಗಿರುತ್ತದೆ. ಮುಂದಿನವರ ರುಚಿ ಬದಲಾದರೆ ಅದರ ಬೆಲೆ ಬೇಗ ಇಳಿಯುತ್ತದೆ. ನನ್ನ ಮನಸ್ಸು ಯಾವಾಗಲೂ ಮೂಲದ ಹಾಗೇ ಇರುವ ಗಾಡಿಯ ಕಡೆ. ಒಂದು ಗಾಡಿಯನ್ನು ಕಾರ್ಖಾನೆಯಿಂದ ಬಂದ ಹಾಗೆ ಉಳಿಸಿದರೆ 1951ರ ಕೆಲಸಗಾರ ಹೇಗೆ ಯೋಚಿಸಿದ್ದ ಎಂದು ಅದು ತೋರಿಸುತ್ತದೆ.

ಜೀವದ ಪ್ರಶ್ನೆ ಬಂದಾಗ ಮಾತ್ರ ನಾನು ಹಠ ಮಾಡುವುದಿಲ್ಲ. ಈ ಗಾಡಿಗೆ ಸೀಟ್‌ಬೆಲ್ಟ್ ಇಲ್ಲ. ಸ್ಟಿಯರಿಂಗಿನ ಕಂಬ ಗಟ್ಟಿ ಕಬ್ಬಿಣದ ಸಲಾಕೆ, ಡಿಕ್ಕಿ ಹೊಡೆದರೆ ನೇರ ಎದೆಗೆ ಬರುತ್ತದೆ. 1949ರಿಂದ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನ ಒಳಗೇ, ಸೀಟಿನ ಬೆನ್ನ ಹಿಂದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಬ್ರೇಕ್ ಎಣ್ಣೆ ತಳ್ಳುವ ಒಂದೇ ಮಾಸ್ಟರ್ ಸಿಲಿಂಡರು. ಎಲ್ಲೋ ಒಂದು ಪೈಪು ಸೋರಿದರೆ ಬ್ರೇಕು ಪೂರ್ತಿ ಹೋಗುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವವರು ನೀವು. ಎರಡು ಭಾಗದ ಮಾಸ್ಟರ್ ಸಿಲಿಂಡರು, ಮುಂದೆ ಡಿಸ್ಕ್ ಬ್ರೇಕು, ಸೀಟ್‌ಬೆಲ್ಟು ಈ ಮೂರನ್ನು ಮೊದಲ ತಿಂಗಳಲ್ಲೇ ಹಾಕಿಸಿ. ಬಿಚ್ಚಿದ ಹಳೆ ಸಾಮಾನನ್ನು ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ. ಮುಂದೆ ಯಾರಾದರೂ ಮೂಲಕ್ಕೆ ತರಬೇಕೆಂದರೆ ತರಬಹುದು. ಟ್ಯಾಂಕಿನ ರಬ್ಬರ್ ಪೈಪು ಬದಲಾಯಿಸಿ. ಕ್ಯಾಬಿನ್ನಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಹಳೆ ಗಾಡಿ ಎಂದರೆ ಹೀಗೇ ಎಂದು ಸುಮ್ಮನಾಗಬೇಡಿ.

ಬೆಲೆ ಏರುವ ವಿಷಯದಲ್ಲೂ ನಿಮಗೆ ಆಸೆ ಹುಟ್ಟಿಸುವುದಿಲ್ಲ. ಈ ಪಿಕಪ್ ನಿಮ್ಮನ್ನು ಶ್ರೀಮಂತರನ್ನಾಗಿ ಮಾಡುವುದಿಲ್ಲ. ಅಜ್ಜನ ತೋಟದಲ್ಲಿ ಇಂಥದ್ದನ್ನು ನೋಡಿ ಬೆಳೆದ ಅಮೆರಿಕನ್ನರಿಗೆ ಈಗ ವಯಸ್ಸಾಗಿದೆ. ಅವರ ಸಂಗ್ರಹಗಳು ಒಂದೊಂದಾಗಿ ಮಾರುಕಟ್ಟೆಗೆ ಬರುತ್ತಿವೆ. ಈಗಿನ ಹುಡುಗರಿಗೆ 1980-90ರ ದಶಕದ ಗಾಡಿಗಳ ಮೇಲೆ ಕಣ್ಣು. ಹಾಗಾಗಿ ದೊಡ್ಡ ಏರಿಕೆ ನಿರೀಕ್ಷಿಸಬೇಡಿ. ಆದರೆ 42 ಸಾವಿರದಲ್ಲಿ ಬೀಳುವುದಾದರೂ ಎಷ್ಟು ಬಿದ್ದೀತು? ವರ್ಷಕ್ಕೆ ಎರಡು ಸಾವಿರ ಮೈಲಿ ಓಡಿಸಿದರೂ ಇದರ ಬೆಲೆ ಕುಗ್ಗುವುದಿಲ್ಲ. ಇಂಥ ಗಾಡಿಗೆ ಮೀಟರಿನ ಮೈಲಿ ಯಾರೂ ಕೇಳುವುದಿಲ್ಲ, ಸ್ಥಿತಿ ಕೇಳುತ್ತಾರೆ. ವಿಮೆ ಮಾಡಿಸುವಾಗ ಮಾತ್ರ ಹಳೆ ಗಾಡಿಗೆಂದೇ ಇರುವ ಕಂಪನಿಯಲ್ಲಿ, ಮೊದಲೇ ಇಬ್ಬರೂ ಒಪ್ಪಿ ಬರೆದ ಮೊತ್ತಕ್ಕೆ ಮಾಡಿಸಿ. ಟೆಕ್ಸಸ್‌ನಲ್ಲಿ ಇಪ್ಪತ್ತೈದು ವರ್ಷ ದಾಟಿದ ಗಾಡಿಗೆ ಆಂಟಿಕ್ ನಂಬರ್ ಪ್ಲೇಟು ಸಿಗುತ್ತದೆ. ಆದರೆ ಅದು ಮೆರವಣಿಗೆ, ಪ್ರದರ್ಶನ, ಕ್ಲಬ್ಬಿನ ಕೆಲಸಕ್ಕೆ ಎಂದು ಕಟ್ಟುಪಾಡಿದೆ. ಆಫೀಸಿಗೂ ತಗೊಂಡು ಹೋಗುವ ಆಸೆ ಇದ್ದರೆ ಮಾಮೂಲಿ ಪ್ಲೇಟೇ ಇರಲಿ.

ಮಗನ ವಿಷಯ ಬರೆದಿದ್ದೀರಿ, ಅದು ನನಗೆ ತುಂಬಾ ಹಿಡಿಸಿತು. ಈ ಗಾಡಿಯ ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ನೆಲ ಕಾಣುತ್ತದೆ. ಅಷ್ಟು ಜಾಗ. ಕಾರ್ಬೊರೇಟರು, ಡೈನಮೋ, ಡಿಸ್ಟ್ರಿಬ್ಯೂಟರು ಎಲ್ಲ ಕಣ್ಣೆದುರಿಗೇ ಇರುತ್ತವೆ. ಆರು ವೋಲ್ಟಿನ ಬ್ಯಾಟರಿ. ಕೀಲಿ ತಿರುಗಿಸಿದರೆ ಎಂಜಿನ್ ಏಳುವುದಿಲ್ಲ. ನೆಲದ ಮೇಲೆ ಸೆಲ್ಫ್‌ನ ಪೆಡಲ್ ಇದೆ, ಅದನ್ನು ಕಾಲಿನಿಂದ ತುಳಿಯಬೇಕು. ಎಂಜಿನ್ ನಿಧಾನಕ್ಕೆ, ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ತಿರುಗಿ ಶುರುವಾಗುತ್ತದೆ. ವೈಪರು ಓಡುವುದು ಎಂಜಿನ್ನಿನ ಗಾಳಿಯ ಸೆಳೆತದಿಂದ. ಏರು ಹತ್ತುವಾಗ ಆಕ್ಸಲರೇಟರ್ ಒತ್ತಿದರೆ ವೈಪರು ಮೆಲ್ಲಗಾಗಿ ನಿಂತೇ ಹೋಗುತ್ತದೆ. ಕಾಲು ಎತ್ತಿದರೆ ಮತ್ತೆ ಪಟಪಟ ಆಡುತ್ತದೆ. ಇದು ಯಾಕೆ ಹೀಗೆ ಎಂದು ಹುಡುಗ ಕೇಳುತ್ತಾನೆ. ಆಗ ವ್ಯಾಕ್ಯೂಮ್ ಎಂದರೇನು ಎಂದು ಒಂದು ಪೈಪು ಕಳಚಿ, ಅವನ ಹೆಬ್ಬೆರಳು ಅದರ ಬಾಯಿಗೆ ಇಡಿಸಿ ತೋರಿಸಬಹುದು. ಹಾಸನದ ಒಂದು ಸಣ್ಣ ಗ್ಯಾರೇಜಿನಲ್ಲಿ ನನ್ನ ಗುರುಗಳು ನನಗೆ ತೋರಿಸಿದ್ದು ಹಾಗೆಯೇ. ಹನ್ನೆರಡು ವರ್ಷದವನಿದ್ದೆ. ಬೆರಳು ಹಿಡಿದೆಳೆದ ಆ ಸೆಳೆತ ಇವತ್ತಿಗೂ ನೆನಪಿದೆ.

ಮೈಸೂರಿಗೆ ತರುವ ಮಾತು. ಹುರಕಾನ್ ಬಗ್ಗೆ ಆ ಆಸೆ ಬಿಟ್ಟುಬಿಡಿ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನೀವು ನೋಡಿದ ಕಾರಿಗೆ ಎರಡೂ ಇಲ್ಲ. ಐವತ್ತು ವರ್ಷ ದಾಟಿದ ವಿಂಟೇಜ್ ಗಾಡಿಗೆ ನಮ್ಮಲ್ಲಿ ಬೇರೆ ದಾರಿ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಅಂಥ ಗಾಡಿಗಳಿಗೆಂದೇ ವಿಎ ಅಕ್ಷರಗಳಿರುವ ನೋಂದಣಿ ತಂದಿತು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಗಾಡಿ ಮೂಲ ರೂಪದಲ್ಲಿರಬೇಕು, ದಿನಬಳಕೆಗೆ ಓಡಿಸುವ ಹಾಗಿಲ್ಲ. ಮೂಲದ ಹಾಗೇ ಇರುವ ಗಾಡಿಯ ಕಡೆ ನನ್ನ ಮನಸ್ಸು ವಾಲಲು ಇದೂ ಒಂದು ಕಾರಣ. ಹೊರಗಿನಿಂದ ತರುವಾಗ ಸುಂಕ, ತೆರಿಗೆ ಎಲ್ಲ ಸೇರಿ ಗಾಡಿಯ ಬೆಲೆಯನ್ನೇ ದಾಟುತ್ತದೆ. ಎಡಗಡೆ ಸ್ಟಿಯರಿಂಗಿನ ತೊಡಕೂ ಇದೆ. ಹಾಗಾಗಿ ಈ ಆಸೆಯನ್ನು ಕೊಳ್ಳುವ ಲೆಕ್ಕಕ್ಕೆ ಈಗಲೇ ಸೇರಿಸಬೇಡಿ. ಊರಿಗೆ ಬಂದಾಗ ಶ್ರೀರಂಗಪಟ್ಟಣದ ಪಯಣ ಕಾರ್ ಮ್ಯೂಸಿಯಂ ನೋಡಿ. ಅದೂ ಧರ್ಮಸ್ಥಳದವರದೇ, ನಿಮ್ಮ ಮಂಡ್ಯಕ್ಕೆ ಹತ್ತಿರ. ಮಗನನ್ನು ಕರೆದುಕೊಂಡು ಹೋಗಿ.

ಇಷ್ಟೆಲ್ಲ ಹೇಳಿದ ಮೇಲೂ ಮನಸ್ಸು ಹುರಕಾನ್‌ನಲ್ಲೇ ಇದ್ದರೆ ಅದು ತಪ್ಪಲ್ಲ. ಆಗ ಲಾಭದ ಮಾತು ಬಿಟ್ಟು, ನಾಲ್ಕೈದು ವರ್ಷ ಮನಸಾರೆ ಓಡಿಸಿ ಮಾರುತ್ತೇನೆ ಎಂದು ತೀರ್ಮಾನಿಸಿ ತಗೊಳ್ಳಿ. ಕೊಳ್ಳುವ ಮುಂಚೆ ಆ ಬ್ರ್ಯಾಂಡ್ ಬಲ್ಲ, ಮಾರುವವರಿಗೆ ಸಂಬಂಧವಿಲ್ಲದ ಕಡೆ ಪರೀಕ್ಷೆ ಮಾಡಿಸಿ. ಕ್ಲಚ್ ಎಷ್ಟು ಸವೆದಿದೆ, ನಿಂತಲ್ಲಿಂದ ಒಮ್ಮೆಲೇ ಚಿಮ್ಮಿಸುವ ಲಾಂಚ್ ಕಂಟ್ರೋಲ್ ಎಷ್ಟು ಸಲ ಬಳಸಿದ್ದಾರೆ ಎಂದು ಕಂಪ್ಯೂಟರಿನಿಂದ ತೆಗೆದು ಕೊಡುತ್ತಾರೆ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ಇಸವಿ. ಮೇಲಿನ ಅಚ್ಚು ಸವೆಯದೆ ಚೆನ್ನಾಗಿದ್ದರೂ ಹಳೆ ಟೈರಿನಲ್ಲಿ ಅಂಥ ಕಾರು ಓಡಿಸುವುದು ಅಪಾಯ.

ಪಿಕಪ್ ನೋಡಲು ಹೋಗುವಾಗ ಅಯಸ್ಕಾಂತ, ಟಾರ್ಚು, ಕೆಳಗೆ ಮಲಗಲು ಒಂದು ಹಳೆ ಚಾಪೆ ಇಟ್ಟುಕೊಳ್ಳಿ. ರಿಸ್ಟೋರ್ ಕೆಲಸ ನಡೆಯುವಾಗ ತೆಗೆದ ಫೋಟೊ, ಬಿಲ್ಲುಗಳನ್ನು ಕೇಳಿ. ಬಣ್ಣ ಹೊಡೆಯುವ ಮುಂಚಿನ ಬರಿ ತಗಡಿನ ಫೋಟೊ ಇದ್ದರೆ 42,000ಕ್ಕೆ ಹತ್ತಿರದ ಮಾತಾಡಿ. ಇಲ್ಲದಿದ್ದರೆ 35,000ದ ಒಳಗೆ ಶುರುಮಾಡಿ. ಮುಖ್ಯವಾಗಿ, ಹಿಂದಿನ ದಿನ ಫೋನ್ ಮಾಡಿ, ನಾನು ಬರುವವರೆಗೆ ಎಂಜಿನ್ ಶುರು ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ತಣ್ಣಗಿದ್ದರೆ ಸೆಲ್ಫ್ ತುಳಿಯಲು ಹೇಳಿ, ನೀವು ಹಿಂದೆ ಸೈಲೆನ್ಸರ್ ಹತ್ತಿರ ನಿಂತು ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ತಿಳಿಯಿರಿ. ಬಾನೆಟ್ ಬೆಚ್ಚಗಿದ್ದರೆ ಅವಸರ ಬೇಡ. ಕಾಫಿ ಕುಡಿದು ಬರುತ್ತೇನೆ ಎಂದು ಹೇಳಿ ಹೋಗಿ, ಮೂರು ಗಂಟೆ ಬಿಟ್ಟು ಬನ್ನಿ.